ಸಿಗಲಿಲ್ಲ ಎಂದು ಬರೆದೆ

ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದ ದಿನವೇ ಸುಪರ್‌ವೈಜರ್ ಬಂದು ನಲವತ್ತೊಂದು ಅರ್ಜಿಗಳ ಕಟ್ಟೊಂದನ್ನು ನನ್ನ ಮೇಜಿನ ಮೇಲೆ ಇಟ್ಟರು. ಅವರು ಶಾಲೆಯವರಲ್ಲ, ನೀರು ಸರಬರಾಜು ವಿಭಾಗದ ಇಂಜಿನಿಯರ್. ಚುನಾವಣೆ ಹತ್ತಿರ ಬಂದಾಗ ಅವರ ಮೇಲೆ ಹತ್ತು ಬೂತುಗಳ ಉಸ್ತುವಾರಿ ಬೀಳುತ್ತದೆ, ನಮ್ಮಂಥ ಶಿಕ್ಷಕರ ಮೇಲೆ ಒಂದೊಂದು ಬೂತಿನ ಮತದಾರರ ಯಾದಿ. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದ ನನಗೆ ಈ ಯಾದಿಯ ಕೆಲಸ ಗಂಟುಬಿದ್ದು ಆರು ವರ್ಷವಾಗಿತ್ತು. ಸತ್ತವರ ಹೆಸರು ತೆಗೆಯುವುದು, ಹದಿನೆಂಟು ತುಂಬಿದವರದು ಸೇರಿಸುವುದು, ಮದುವೆಯಾಗಿ ಬಂದ ಸೊಸೆಯಂದಿರ ವಿಳಾಸ ತಿದ್ದುವುದು. ಬೇಸರದ ಕೆಲಸ. ಆದರೆ ಭಯ ಹುಟ್ಟಿಸುವ ಕೆಲಸ ಎಂದು ಅದುವರೆಗೆ ಅನ್ನಿಸಿರಲಿಲ್ಲ.

"ಬಾಈ, ಹತ್ತು ದಿನದಲ್ಲಿ ಮುಗಿಸಿ" ಎಂದು ಮರಾಠಿಯಲ್ಲಿ ಹೇಳಿ ಅವರು ಹೊರಟುಹೋದರು. ಇಲ್ಲಿ ಶಿಕ್ಷಕಿಯರನ್ನು ಕರೆಯುವುದು ಬಾಈ ಎಂದೇ.

ಕಟ್ಟು ಬಿಚ್ಚಿದೆ. ಎಲ್ಲವೂ ಏಳನೇ ನಮೂನೆ. ಒಬ್ಬ ಮತದಾರ ಇನ್ನೊಬ್ಬನ ಹೆಸರಿನ ಮೇಲೆ ತಕರಾರು ಎತ್ತಿ, ಇದನ್ನು ತೆಗೆದುಹಾಕಿ ಎಂದು ಕೇಳುವ ಅರ್ಜಿ ಅದು. ವರ್ಷಕ್ಕೆ ನಾಲ್ಕೋ ಐದೋ ಬರುತ್ತಿದ್ದವು, ಅದೂ ತಮ್ಮ ಮನೆಯ ತೀರಿಹೋದವರ ಬಗ್ಗೆ ಮನೆಯವರೇ ಕೊಟ್ಟಂಥವು. ಈಗ ಒಮ್ಮೆಗೇ ನಲವತ್ತೊಂದು. ಅಷ್ಟೂ ಕಾಲುವೆ ದಂಡೆಯ ವಸ್ತಿಯವರ ಮೇಲೆ, ಅಂದರೆ ಅಲ್ಲಿನ ತಗಡಿನ ಮನೆಗಳ ಕೇರಿಯವರ ಮೇಲೆ. ಕಾರಣದ ಜಾಗದಲ್ಲಿ ಎಲ್ಲದರಲ್ಲೂ ಒಂದೇ ಮಾತು, ಕಾಯಂ ಆಗಿ ಬೇರೆ ಕಡೆ ಹೋಗಿದ್ದಾರೆ ಎಂದು. ಕೈಬರಹ ಒಂದೇ, ಶಾಯಿ ಒಂದೇ. ತಕರಾರು ಮಾಡಿದವನೂ ಒಬ್ಬನೇ, ಅದೇ ವಸ್ತಿಯ ಟೇಲರ್.

ಆ ವಸ್ತಿಯವರು ಯಾದಗಿರಿ, ಶಹಾಪುರದ ಕಡೆಯವರು. ಗಾರೆ ಕೆಲಸ, ಸೆಂಟ್ರಿಂಗ್, ಕಟ್ಟಡದ ಕೂಲಿ ಎಂದು ಇಪ್ಪತ್ತು ವರ್ಷದ ಹಿಂದೆ ಬಂದು ನೆಲೆಯಾದವರು. ಅವರ ಮಕ್ಕಳು ಬರುವುದರಿಂದಲೇ ನಮ್ಮ ಶಾಲೆ ಇನ್ನೂ ಮುಚ್ಚಿಲ್ಲ. ಕಳೆದ ಚುನಾವಣೆಯಲ್ಲಿ ವಸ್ತಿಗೆ ವಸ್ತಿಯೇ ಒಟ್ಟಾಗಿ, ನಮ್ಮ ವಾರ್ಡಿನಲ್ಲಿ ಈಗ ಜೋರಾಗಿರುವ ಪಕ್ಷದ ವಿರುದ್ಧ ಮತ ಹಾಕಿತ್ತು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಟೇಲರನನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವನು ಅವನೇ. ಪ್ರತಿ ಜೂನ್ ತಿಂಗಳಲ್ಲಿ ಬಟ್ಟೆ ಒಪ್ಪಿಸಿ ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಸಹಿ ಹಾಕುತ್ತಿದ್ದ, ಮೊದಲ ಅಕ್ಷರ ದೊಡ್ಡದು, ಉಳಿದವು ಅದರ ಬೆನ್ನಿಗೆ ಅಂಟಿಕೊಂಡು. ಈ ನಲವತ್ತೊಂದು ಅರ್ಜಿಗಳಲ್ಲಿ ಇದ್ದದ್ದು ನೀಟಾದ ಮರಾಠಿ ಸಹಿ. ಮರಾಠಿ ಮಾತಾಡುವುದಕ್ಕೇ ತಡವರಿಸುವ ಮನುಷ್ಯ, ಬರೆಯುವುದಂತೂ ಅವನಿಗೆ ಬಾರದು.

ಸುಪರ್‌ವೈಜರಿಗೆ ಫೋನ್ ಮಾಡಿದೆ. ಸಹಿ ಅವನದಲ್ಲ ಅನ್ನಿಸುತ್ತದೆ ಎಂದೆ.

"ಬಾಈ, ಅರ್ಜಿದಾರನನ್ನು ಕಂಡು, ಮನೆಗಳನ್ನು ನೋಡಿ, ಕಂಡದ್ದನ್ನು ಬರೆಯಿರಿ. ಅನ್ನಿಸಿದ್ದನ್ನು ಬರೆಯಬೇಡಿ" ಎಂದರು. ಗದರಿಸಿ ಹೇಳಲಿಲ್ಲ. ನನ್ನ ಒಳ್ಳೆಯದಕ್ಕೆ ಹೇಳಿದಂತೆಯೇ ಇತ್ತು.

ಆ ಹೊತ್ತಿಗೆ ನಮ್ಮ ಸ್ಟಾಫ್ ರೂಮಿನಲ್ಲಿ ರಾಜಕೀಯದ ಮಾತು ನಿಂತು ವರ್ಷವಾಗಿತ್ತು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಬೇರೊಂದು ಶಾಲೆಯ ಮಾಸ್ತರೊಬ್ಬರು ಮೊಬೈಲ್ ಸ್ಟೇಟಸ್‌ನಲ್ಲಿ ಹಾಕಿದ ಎರಡು ಸಾಲಿಗೆ ಅಮಾನತಾಗಿದ್ದರು. ಮೊದಲ ವಾರ ನಾವೆಲ್ಲ ಅವರ ಬಗ್ಗೆ ಮರುಗಿದೆವು. ಎರಡನೇ ವಾರ, ಅವರಾದರೂ ಯಾಕೆ ಹಾಕಬೇಕಿತ್ತು ಅಂದೆವು. ಆಮೇಲೆ ಅವರ ಹೆಸರು ತೆಗೆಯುವುದನ್ನೇ ಬಿಟ್ಟೆವು. ನಾನೂ ಊಟದ ಡಬ್ಬಿ ಬಿಚ್ಚುತ್ತ ಪಲ್ಯದ ಮಾತು, ಮೊಣಕಾಲು ನೋವಿನ ಮಾತು ಆಡುವುದನ್ನು ರೂಢಿ ಮಾಡಿಕೊಂಡಿದ್ದೆ.

ಮರುದಿನ ಶಾಲೆ ಬಿಟ್ಟ ಮೇಲೆ ಟೇಲರನ ಹತ್ತಿರ ಹೋದೆ. ವಸ್ತಿಯ ಬಾಯಿಗೆ, ರಸ್ತೆಗೆ ಮುಖ ಮಾಡಿ ತಗಡಿನ ಒಂದು ಖೋಲಿ. ಮುಂದೆ ಮಷೀನು, ಹಿಂದೆ ಸಂಸಾರ. ನನ್ನನ್ನು ಕಂಡದ್ದೇ ಎದ್ದು ಸ್ಟೂಲು ಒರೆಸಿ ಕೊಟ್ಟ. ನಾನು ಒಂದು ಅರ್ಜಿ ತೆಗೆದು ಓದಿ ಹೇಳಿ, ಕೆಳಗಿನ ಸಹಿ ತೋರಿಸಿದೆ. ಇನ್ನೊಂದು ಓದಿದೆ. ಮೂರನೆಯದು ಅವನ ಎದುರು ಮನೆಯ ಗಾರೆ ಕೆಲಸದ ಹೆಂಗಸಿನದು. ಆ ಹೆಸರು ಕೇಳಿದ ಮೇಲೆ ಅವನ ಮುಖದ ಬಣ್ಣವೇ ಇಳಿಯಿತು.

"ಇದು ನನ್ನ ಸಹಿ ಅಲ್ರಿ ಅಕ್ಕೋರ. ನಾ ಯಾಕ ಹಿಂಗ ಮಾಡ್ಲಿ? ಇವರೆಲ್ಲಾ ಇಲ್ಲೇ ಅದಾರಲ್ರಿ, ನಿಮ್ಮ ಕಣ್ಣ ಮುಂದ."

"ನನಗ ಗೊತ್ತದ. ಅದಕ್ಕ ಬಂದೀನಿ. ಈಗ ನೀವು ಹೇಳಿದ್ದನ್ನ ನಾ ಬರಕೋತೀನಿ, ಕೆಳಗ ನಿಮ್ಮ ಸಹಿ ಹಾಕ್ರಿ. ಮುಗೀತು."

ಅವನು ರಸ್ತೆಯ ಕಡೆ ನೋಡಿದ. ಒಳಗೆ ಸೊಪ್ಪು ಸೋಸುತ್ತಿದ್ದ ಹೆಂಡತಿಯ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿದ.

"ಹೋದ ತಿಂಗಳ ಪಕ್ಷದವರು ಬಂದು ಆಧಾರ್ ಝೆರಾಕ್ಸ್ ಒಯ್ದಾರ್ರಿ. ಕರೆಂಟಿನ ಮೀಟರ್ ನನ್ನ ಹೆಸರಿಗೆ ಮಾಡಿಸಿ ಕೊಡ್ತೀವಿ ಅಂದ್ರು. ಮಾಡಿಸಿನೂ ಕೊಟ್ಟಾರ. ಈ ಜಾಗಾ ಯಾರೂ ಕೇಳಂಗಿಲ್ಲ ಅಂದಾರ. ಈಗ ನಾ ಸಹಿ ನಂದಲ್ಲ ಅಂದ್ರ, ಅವರು ಸುಳ್ಳರು ಅಂದಂಗ ಆತಲ್ರಿ."

"ಮತ್ತ ಅವರು ಮಾಡಿದ್ದು ಸುಳ್ಳ ಅಲ್ಲೇನು?"

"ಸುಳ್ಳ ಅದ. ಆದರ ನಾ ಹೇಳಬಾರದ್ರಿ." ಕೈ ಮುಗಿದ. "ಬರೀಬ್ಯಾಡ್ರಿ ಅಕ್ಕೋರ. ನೀವು ಬಂದಾಗ ನಾ ಇರಲೇ ಇಲ್ಲ ಅಂತ ಬರೀರಿ. ನೀವು ಮನಿ ಮನಿಗೆ ಹೋಗಿ ಅವರ ಹೆಸರು ಉಳಸ್ರಿ. ನನ್ನ ಹೆಸರು ಮಾತ್ರ ತರಬ್ಯಾಡ್ರಿ."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ನಿರಾಳ. ಆಗಿನಿಂದ ಇದನ್ನು ಎಷ್ಟೋ ಸಲ ಹಿಂತಿರುಗಿ ನೋಡಿದ್ದೇನೆ. ಬೇರೆ ಹೆಸರು ಕೊಡಲು ಆಗುವುದಿಲ್ಲ. ಸಹಿ ಖೋಟಾ ಎಂದು ಬರೆದರೆ ತನಿಖೆ, ತನಿಖೆಗೆ ನಾನೇ ಸಾಕ್ಷಿ, ಎದುರಿಗೆ ಆ ಪಕ್ಷ. ಅವನು ಬೇಡ ಎಂದು ಕೈ ಮುಗಿದದ್ದರಿಂದ ನಾನು ಬರೆಯದಿರುವುದು ದಯೆಯಾಯಿತು. ನನ್ನ ಅಂಜಿಕೆಗೆ ಅವನ ಅಂಜಿಕೆಯ ಹೊದಿಕೆ ಸಿಕ್ಕಿತು.

ವರದಿಯ ಹಾಳೆಯಲ್ಲಿ ಬರೆದೆ: ಮೂರು ಸಲ ಭೇಟಿ ಕೊಟ್ಟರೂ ಅರ್ಜಿದಾರ ಸಿಗಲಿಲ್ಲ. ಮೂರು ತಾರೀಖುಗಳನ್ನೂ ಹಾಕಿದೆ.

ಆಮೇಲೆ ಎಂಟು ದಿನ ಆ ನಲವತ್ತೊಂದು ಮನೆಗಳನ್ನು ತಿರುಗಿದೆ. ಪ್ರಾಯಶ್ಚಿತ್ತ ಎಂಬಂತೆ ತಿರುಗಿದೆ ಎಂದರೆ ಸುಳ್ಳಾಗುತ್ತದೆ. ಆಗ ನಾನು ತಪ್ಪು ಮಾಡಿದ್ದೇನೆ ಎಂದೇ ಅನ್ನಿಸಿರಲಿಲ್ಲ, ಜಾಣತನ ಮಾಡಿದ್ದೇನೆ ಅನ್ನಿಸಿತ್ತು. ನಿಯಮ ಸರಳವಾಗಿದೆ. ಹೆಸರಿದ್ದವರು ಆ ವಿಳಾಸದಲ್ಲಿ ಸಿಕ್ಕು, ನಾನು ಇಲ್ಲೇ ಇದ್ದೇನೆ ಎಂದು ಹೇಳಿಕೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ, ಜೊತೆಗೆ ಒಂದು ಗುರುತಿನ ದಾಖಲೆ ಇದ್ದರೆ, ತಕರಾರು ನಿಲ್ಲುವುದಿಲ್ಲ. ಸಿಗದಿದ್ದರೆ ಅಕ್ಕಪಕ್ಕದ ಇಬ್ಬರ ಸಾಕ್ಷಿ ಬೇಕು.

ಗಂಡಸರಲ್ಲಿ ಹೆಚ್ಚಿನವರು ಸಾಸವಡದ ಹತ್ತಿರ ಒಂದು ದೊಡ್ಡ ಸೈಟಿನಲ್ಲಿ ಕೆಲಸಕ್ಕೆ ಹೋಗಿದ್ದರು. ವಾರಗಟ್ಟಲೆ ಅಲ್ಲೇ ಇರುತ್ತಿದ್ದರು. ಮನೆಯಲ್ಲಿದ್ದ ಹೆಂಗಸರು ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ತೋರಿಸುತ್ತಿದ್ದರು, ಆದರೆ ಹೇಳಿಕೆಯ ಹಾಳೆ ತೆಗೆದದ್ದೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

"ಇದಕ್ಕ ಹೆಬ್ಬಟ್ಟ ಒತ್ತಿದ್ರ ಮನಿ ಕೆಡವಲಿಕ್ಕೆ ಬರ್ತಾರಂತಲ್ರಿ?"

"ಯಾರು ಹೇಳಿದ್ರು?"

"ಹಂಗ ಅಂತಾರ್ರಿ ಎಲ್ಲಾರೂ."

ಯಾರು ಎಂದು ಎಷ್ಟು ಕೇಳಿದರೂ ಒಬ್ಬರ ಹೆಸರೂ ಹೊರಗೆ ಬರಲಿಲ್ಲ. ಮೂರನೇ ದಿನದ ಹೊತ್ತಿಗೆ ನನ್ನ ಕೈಯಲ್ಲಿದ್ದದ್ದು ಬರೀ ಆರು ಹೇಳಿಕೆ. ಆಗ ಟೇಲರನ ಎದುರು ಮನೆಯ ಆ ಗಾರೆ ಕೆಲಸದ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಜೊತೆ ಹೊರಟಳು. ನಲವತ್ತರ ಆಸುಪಾಸಿನವಳು. ಗಂಡನಿಲ್ಲ. ಸಿಮೆಂಟು ಹೊತ್ತು ಹೊತ್ತು ಬೆರಳ ಗೆರೆಗಳೆಲ್ಲ ಸವೆದುಹೋಗಿ ಅವಳ ಹೆಬ್ಬೆಟ್ಟು ಮೂರು ಸಲ ಒತ್ತಿದರೂ ಮೂಡಲಿಲ್ಲ. ಕೊನೆಗೆ ನಾನು ಅಕ್ಷರ ಬರೆದು ತೋರಿಸಿದೆ, ಅವಳು ಅದನ್ನು ನೋಡಿ ನೋಡಿ ಹೆಸರು ಬರೆದಳು.

"ಕೆಡವೂದಿದ್ರ ಹೆಬ್ಬಟ್ಟ ಒತ್ತಿದ್ರೂ ಕೆಡವ್ತಾರ, ಒತ್ತಲಿಕ್ರೂ ಕೆಡವ್ತಾರ" ಎಂದು ಪ್ರತಿ ಬಾಗಿಲಲ್ಲೂ ಜಗಳಕ್ಕೆ ಬಂದವಳಂತೆ ಹೇಳುತ್ತ ನಡೆದಳು. ಅವಳಿಂದಾಗಿ ಆರು ಇದ್ದದ್ದು ಇಪ್ಪತ್ತಾರಾಯಿತು.

ಉಳಿದ ಹದಿನೈದು ಜನ ಸಾಸವಡದಲ್ಲಿದ್ದ ಗಂಡಸರು. ಅವರಿಗೆ ಸಾಕ್ಷಿ ಬೇಕು. ವಸ್ತಿಯವರ ಸಾಕ್ಷಿ ಸಾಲದು, ಅವರ ಮೇಲೇ ತಕರಾರಿದೆ ಎಂದರು ಸುಪರ್‌ವೈಜರ್. ವಸ್ತಿಗೆ ಹೊಂದಿಕೊಂಡ ಅಪಾರ್ಟ್‌ಮೆಂಟಿನಲ್ಲಿ ನಮ್ಮ ವಿಜಯಪುರದ ಕಡೆಯ ಒಬ್ಬ ನಿವೃತ್ತ ಗುಮಾಸ್ತರಿದ್ದರು. ನಮ್ಮ ಯಜಮಾನರ ಸ್ನೇಹಿತರು. ರಸ್ತೆಯ ಗುಂಡಿಯ ಬಗ್ಗೆ, ಕಸದ ಬಗ್ಗೆ ಪೇಪರಿಗೆ ಪತ್ರ ಬರೆಯುವ ಮನುಷ್ಯ. ಅವರ ಮನೆಯ ನೆಲಕ್ಕೆ ಫರಸಿ ಹಾಸಿದವರೇ ಈ ಹದಿನೈದರಲ್ಲಿ ಇಬ್ಬರು. ಅವರು ಸಹಿ ಹಾಕಿದರೆ ಅಲ್ಲಿಯವರೇ ಇನ್ನೊಬ್ಬರು ಸಿಗುತ್ತಾರೆ ಎಂದುಕೊಂಡು ಅವರ ಮನೆಗೆ ಹೋದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಚಹಾ ಕುಡಿಸಿದರು.

"ತಂಗೀ, ನೀ ಮಾಡೂದು ಖರೇನ ಛಲೋ ಕೆಲಸ. ಆದರ ಮಗಳ ಪಾಸ್‌ಪೋರ್ಟಿಗೆ ಪೊಲೀಸ್ ವಿಚಾರಣಿ ಬರೂದದ. ಅದೊಂದು ಮುಗೀಲಿ. ಆಮ್ಯಾಲ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಅವರ ಕಣ್ಣಲ್ಲಿ ನಾಚಿಕೆ ಇತ್ತು. ನಾನು ಚಹಾದ ಕಪ್ಪು ಇಟ್ಟು ಎದ್ದೆ. ಅವರಿಗೆ ಬುದ್ಧಿ ಹೇಳುವ ಬಾಯಿ ನನಗೂ ಇರಲಿಲ್ಲ.

ಇಪ್ಪತ್ತಾರು ಹೇಳಿಕೆಗಳ ಜೊತೆ ವರದಿ ಒಪ್ಪಿಸಿದೆ. ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಒಂದು ಸಂಗತಿಯನ್ನು ಮರೆತಿದ್ದೆ. ಆರು ವರ್ಷ ನಾನೇ ಮಾಡುತ್ತ ಬಂದ ಕೆಲಸ, ಆದರೂ ಮರೆತಿದ್ದೆ. ತಕರಾರುಗಳ ಯಾದಿಯನ್ನು ಮತಗಟ್ಟೆಯ ಗೋಡೆಗೆ ಅಂಟಿಸಬೇಕು. ಮತಗಟ್ಟೆ ಅಂದರೆ ನಮ್ಮ ಶಾಲೆ. ಯಾರ ಹೆಸರಿನ ಮೇಲೆ ತಕರಾರು, ಮಾಡಿದವರು ಯಾರು, ಎಲ್ಲ ಅದರಲ್ಲಿ ಇರುತ್ತದೆ. ಸೋಮವಾರ ಬೆಳಿಗ್ಗೆ ಶಾಲೆಯ ಸಿಪಾಯಿ ಅದನ್ನು ಗೇಟಿನ ಪಕ್ಕ ಅಂಟಿಸಿದ. ಮಕ್ಕಳನ್ನು ಬಿಡಲು ಬಂದ ತಾಯಂದಿರು ಮಕ್ಕಳ ಕೈಲೇ ಓದಿಸಿದರು. ಯಾದಿ ಮರಾಠಿಯಲ್ಲಿತ್ತು, ಆ ಓದೂ ನಾನೇ ಕಲಿಸಿದ್ದು. ನಲವತ್ತೊಂದು ಸಲ ಒಂದೇ ಹೆಸರು, ಟೇಲರನದು.

ಎರಡು ದಿನದಲ್ಲಿ ಅವನ ಅಂಗಡಿಯಿಂದ ಜನ ಹೊಲಿಯಲು ಕೊಟ್ಟ ಬಟ್ಟೆ ವಾಪಸ್ ಒಯ್ದರು. ಕತ್ತರಿಸಿಟ್ಟಿದ್ದ ಕುಪ್ಪಸದ ತುಂಡುಗಳನ್ನೂ ಬಿಡಲಿಲ್ಲ. ನಳದ ಹತ್ತಿರ ಅವನ ಹೆಂಡತಿಯ ಕೊಡವನ್ನು ಸಾಲಿನಿಂದ ಎತ್ತಿ ಹಿಂದೆ ಇಟ್ಟರು. ಎಲ್ಲರದೂ ತುಂಬುವ ಹೊತ್ತಿಗೆ ನೀರು ನಿಂತಿತು. ಈ ವಿಷಯವನ್ನು ನನಗೆ ಹೇಳಿದವನು ಅವನೇ. ಬುಧವಾರ ಮಧ್ಯಾಹ್ನ ಶಾಲೆಗೆ ಬಂದು ವರಾಂಡದಲ್ಲಿ ನಿಂತಿದ್ದ.

"ನಾ ಸಹಿ ಮಾಡಿಲ್ಲ ಅಂತ ಹೇಳಿದ್ರ ಯಾರೂ ನಂಬವಲ್ರು ಅಕ್ಕೋರ. ಮೀಟರ್ ಬಂದದಲ್ಲ, ಅದಕ್ಕ ಮಾಡ್ಯಾನ ಅಂತಾರ. ನೀವು ಒಂದ ಮಾತ ಹೇಳ್ರಿ ಅವರಿಗೆ."

"ಶುಕ್ರವಾರ ವಾರ್ಡ್ ಆಫೀಸಿನಾಗ ವಿಚಾರಣಿ ಅದ. ನಿಮಗೂ ನೋಟಿಸ್ ಬಂದಿರಬೇಕಲ್ಲ?"

"ಬಂದದ್ರಿ. ಅಲ್ಲೆ ಹೇಳಿಬಿಡ್ತೀನಿ. ಸಹಿ ನಂದಲ್ಲ, ಅಕ್ಕೋರು ಬಂದ ದಿನಾನೇ ಅವರಿಗೆ ಹೇಳಿದ್ದೆ ಅಂತ. ಮೀಟರ್ ಹೋದ್ರ ಹೋಗ್ಲಿ. ನೀವು ಹೌದು ಅಂತೀರಲ್ಲ?"

ಅಂತೀನಿ ಅಂದೆ. ಆ ಕ್ಷಣ ಮನಸ್ಸಿನಿಂದಲೇ ಅಂದೆ.

ಅವನು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಮೂವತ್ತು ದಾಟಿದ ಗೃಹಸ್ಥ, ಈಗ ಆ ಪಕ್ಷದ ನಮ್ಮ ಬೂತಿನ ಪ್ರಮುಖ. ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮೊಣಕಾಲು ಹೇಗಿದೆ ಎಂದು ಕೇಳಿದ. ಎದ್ದು ಹೊರಡುವಾಗ ಅಂದ:

"ನಿಮ್ಮ ವರದಿ ನೋಡಿದ್ನಿರಿ ಅಕ್ಕೋರ. ಚಂದ ಬರದೀರಿ. ಅದನ್ನ ಹಂಗ ಇರಗೊಡ್ರಿ."

ಕಚೇರಿಯ ಕಪಾಟಿನಲ್ಲಿ ಇರಬೇಕಾದ ನನ್ನ ವರದಿಯನ್ನು ಅವನು ಎಲ್ಲಿ ನೋಡಿದ? ಕೇಳಬೇಕು ಅನ್ನಿಸಿತು. "ಮನ್ಯಾಗ ಎಲ್ಲಾರೂ ಆರಾಮ ಅದಾರೇನಪಾ?" ಎಂದು ಕೇಳಿದೆ.

ಮನೆಯಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಚಾಕಣದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವರು, ಹುಷಾರಿನ ಮನುಷ್ಯ. ಎಲ್ಲ ಕೇಳಿ, "ಸಿಗಲಿಲ್ಲ ಅಂತ ನೀನ ಬರದೀದಿ. ಈಗ ಸಿಕ್ಕಿದ್ದ ಅಂದ್ರ ಸುಳ್ಳ ವರದಿ ಕೊಟ್ಟವಳು ನೀ ಆಗ್ತಿ. ಅವರೆಲ್ಲಾ ಪಾರಾಗ್ತಾರ. ನೌಕರಿ ಇನ್ನ ನಾಕ ವರ್ಷ ಅದ" ಅಂದರು. ಊಟಕ್ಕೆ ಏಳುವಾಗ, "ನಿನಗ ಹೆಂಗ ತಿಳೀತದ ಹಂಗ ಮಾಡು" ಎಂದೂ ಸೇರಿಸಿದರು. ಅವರು ತಡೆದರು ಎಂದು ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

ಶುಕ್ರವಾರ ವಾರ್ಡ್ ಆಫೀಸಿನ ಎರಡನೇ ಮಹಡಿ. ನೋಂದಣಿಯ ಸಹಾಯಕ ಅಧಿಕಾರಿ ನನಗಿಂತ ಬಹಳ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದುರಿಗೆ ಕಡತಗಳ ರಾಶಿ, ಮುಖದಲ್ಲಿ ನಿದ್ದೆಗೆಟ್ಟ ಆಯಾಸ. ಕ್ರಮ ಸಂಖ್ಯೆ, ಹೆಸರು, ಹೇಳಿಕೆ ಇದೆಯೇ ಇಲ್ಲವೇ ಎಂದು ಒಂದೊಂದೇ ಓದಿಸಿ ಮುಂದೆ ಸಾಗುತ್ತಿದ್ದರು. ವಸ್ತಿಯ ಹತ್ತು ಹನ್ನೆರಡು ಹೆಂಗಸರು ಕೂಲಿ ಬಿಟ್ಟು ಬಂದು ಗೋಡೆಗೆ ಒರಗಿ ನಿಂತಿದ್ದರು. ಹಳೆಯ ವಿದ್ಯಾರ್ಥಿ ಬಾಗಿಲ ಹತ್ತಿರ ಮೊಬೈಲ್ ನೋಡುತ್ತಿದ್ದ. ಟೇಲರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹೆಂಗಸರು ಅವನಿಂದ ದೂರ ಸರಿದು ನಿಂತಿದ್ದರು.

ಅವನನ್ನು ಕರೆದಾಗ ಮುಂದೆ ಹೋಗಿ, ಕಲಿತುಕೊಂಡು ಬಂದಿದ್ದ ಮರಾಠಿಯಲ್ಲಿ ಹೇಳಿದ. "ಮ್ಯಾಡಮ್, ಹೀ ಮಾಝೀ ಸಹೀ ನಾಹೀ."

ನನ್ನ ಸಹಿ ಅಲ್ಲ. ಮಾತು ಸ್ಪಷ್ಟವಾಗಿತ್ತು. ಗೋಡೆಯ ಹತ್ತಿರದ ಹೆಂಗಸರು ತಲೆ ಎತ್ತಿದರು.

ಅಧಿಕಾರಿ ಕಡತ ತಿರುವಿದರು. "ಸುಳ್ಳು ಘೋಷಣೆಗೆ ಶಿಕ್ಷೆ ಇದೆ, ಗೊತ್ತಲ್ಲ? ಈಗ ನೆರೆಯವರ ಒತ್ತಾಯಕ್ಕೆ ಹೀಗೆ ಹೇಳುತ್ತಿದ್ದೀರೋ? ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಮ್ಯಾಡಮ್. ಈ ಬಾಈ ಬಂದಾಗಲೇ ಹೇಳಿದ್ದೆ." ತಡವರಿಸುತ್ತ ಮರಾಠಿಯಲ್ಲೇ ಹೇಳಿ ನನ್ನ ಕಡೆ ಕೈ ತೋರಿಸಿದ.

"ಬಾಈ, ನಿಮ್ಮ ವರದಿಯಲ್ಲಿ ಮೂರು ಸಲ ಹೋದರೂ ಸಿಗಲಿಲ್ಲ ಎಂದಿದೆ. ಸಿಕ್ಕಿದ್ದರೋ?"

ನಾನು ಎದ್ದು ನಿಂತೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಆ ಅಧಿಕಾರಿ ಕೂಡ ಮೃದುವಾಗಿಯೇ ಕೇಳಿದರು. ಬಹುಶಃ ನಾನು ಹೌದು ಎಂದಿದ್ದರೆ ಬರೆದುಕೊಳ್ಳುತ್ತಿದ್ದರು. ಟೇಲರನ ಕನ್ನಡ ಸಹಿಯಿದ್ದ ರಿಜಿಸ್ಟರ್ ಶಾಲೆಯ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ನನ್ನ ಪರ್ಸಿನಲ್ಲಿತ್ತು. ನನ್ನ ತಲೆಯಲ್ಲಿ ಓಡಿದ್ದು ಅದ್ಯಾವುದೂ ಅಲ್ಲ. ಅಮಾನತಾದ ಆ ಮಾಸ್ತರರನ್ನು ಒಮ್ಮೆ ಸ್ವಾರಗೇಟ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದೆ. ನಾನು ಮಾತಾಡಿಸದೆ ಬೇರೆ ಪ್ಲಾಟ್‌ಫಾರ್ಮಿನ ಕಡೆ ಸರಿದಿದ್ದೆ. ನಾಳೆ ನನ್ನನ್ನು ಕಂಡು ಜನ ಹಾಗೆ ಸರಿಯುತ್ತಾರೆ ಎಂದು ಕಂಡಿತು.

"ನಾನು ಹೋದಾಗ ಅವರು ಇರಲಿಲ್ಲ ಮ್ಯಾಡಮ್" ಎಂದೆ. ಮರಾಠಿಯಲ್ಲಿ ಹೇಳಿದೆ. ತಡವರಿಸದೆ ಹೇಳಿದೆ.

ಟೇಲರ್ ನನ್ನನ್ನು ನೋಡಿದ. ಅವನು ಕೂಗಾಡಿದ್ದರೆ, ಆಣೆ ಇಟ್ಟಿದ್ದರೆ, ನನಗೆ ಬೈದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆನೇನೋ. ಅವನ ಮುಖದಲ್ಲಿ ಬಂದದ್ದು ಗುರುತು ಹಿಡಿದ ಭಾವ. ನಾನೂ ತನ್ನಂತೆಯೇ ಎಂಬುದು ಅವನಿಗೆ ಒಮ್ಮೆಗೇ ತಿಳಿದುಹೋಯಿತು. ಅಧಿಕಾರಿಯ ಕಡೆ ತಿರುಗಿದ.

"ಹಂಗಾದ್ರ ನಂದೇ ತಪ್ಪಿರಬೇಕು ಮ್ಯಾಡಮ್. ಅಕ್ಕೋರು ಸುಳ್ಳ ಹೇಳಂಗಿಲ್ಲ. ನನಗ ನೆನಪ ತಪ್ಪಿರಬೇಕು."

ಅವನು ಕನ್ನಡದಲ್ಲಿ ಹೇಳಿದ್ದ. ಅಧಿಕಾರಿಗೆ ತಿಳಿಯಲಿಲ್ಲ. ಏನಂದರು ಎಂದು ನನ್ನನ್ನೇ ಕೇಳಿದರು. ಅದನ್ನು ನಾನೇ ಮರಾಠಿಗೆ ತಿರುಗಿಸಿ ಹೇಳಿದೆ.

ಹೇಳಿಕೆ ಇದ್ದ ಇಪ್ಪತ್ತಾರು ಹೆಸರು ಉಳಿದವು. ಹದಿನೈದು ತೆಗೆಯಲ್ಪಟ್ಟವು. ಟೇಲರನಿಗೆ ಅಧಿಕಾರಿ ಬಾಯಿಮಾತಿನ ಎಚ್ಚರಿಕೆ ಕೊಟ್ಟು ಕಳಿಸಿದರು. ಮೆಟ್ಟಿಲಿಳಿಯುವಾಗ ಒಬ್ಬ ಹೆಂಗಸು ಅವನ ಕಾಲ ಹತ್ತಿರ ಉಗುಳಿದಳು.

ನಾಲ್ಕು ದಿನ ಶಾಲೆಗೆ ಹೋದೆ, ಬಂದೆ. ಮಗ್ಗಿ ಹೇಳಿಸಿದೆ, ಉಕ್ತಲೇಖನ ಬರೆಸಿದೆ. ಐದನೇ ದಿನ ಒಂದು ಹಾಳೆ ತೆಗೆದುಕೊಂಡು, ಮರಾಠಿಯಲ್ಲಿ ಬರೆದೆ. ಇಂಥ ದಿನ ಅರ್ಜಿದಾರ ನನಗೆ ಸಿಕ್ಕಿದ್ದ. ಸಹಿ ತನ್ನದಲ್ಲ ಎಂದು ಹೇಳಿದ್ದ. ನಾನು ವರದಿಯಲ್ಲಿ ಸುಳ್ಳು ಬರೆದೆ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ಹೋಲಿಸಿ ನೋಡಲು ಅವನ ನಿಜವಾದ ಸಹಿಯ ನಕಲು ಲಗತ್ತಿಸಿದೆ. ವಾರ್ಡ್ ಆಫೀಸಿನಲ್ಲಿ ಪತ್ರ ತೆಗೆದುಕೊಳ್ಳುವ ಆವಕ ಟೇಬಲ್ಲಿಗೆ ಕೊಟ್ಟು ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಶಿಕ್ಕಾ ಹಾಕಿಸಿಕೊಂಡೆ.

ಸಂಜೆಯೊಳಗೆ ಸುಪರ್‌ವೈಜರ್ ಫೋನ್ ಬಂತು. "ಬಾಈ, ಏನು ಮಾಡಿದಿರಿ? ಆದೇಶ ಆಗಿಹೋಗಿದೆ. ಇನ್ನು ಇದರಿಂದ ಯಾರಿಗೂ ಉಪಯೋಗವಿಲ್ಲ, ನಿಮಗೆ ಮಾತ್ರ ಪೆಟ್ಟು. ನಾಳೆ ಬಂದು ವಾಪಸ್ ತಗೊಳ್ಳಿ, ನಾನು ಹೇಗಾದರೂ ಮಾಡುತ್ತೇನೆ." ಅವರ ದನಿಯಲ್ಲಿ ನಿಜವಾದ ಕಳಕಳಿ ಇತ್ತು. ನಾನು ಹೋಗಲಿಲ್ಲ.

ಅವರು ಹೇಳಿದ್ದು ನಿಜವೇ ಆಯಿತು. ನನಗೆ ಕಾರಣ ಕೇಳಿ ನೋಟಿಸ್ ಬಂತು. ಯಾದಿಯ ಕೆಲಸದಿಂದ ತೆಗೆದರು. ಇಲಾಖೆಯ ವಿಚಾರಣೆ ಇನ್ನೂ ನಡೆದಿದೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಖುರ್ಚಿ ಖಾಲಿ ಇರುತ್ತದೆ. ಇಷ್ಟಕ್ಕೇ ನಾನು ಅಷ್ಟು ಅಂಜಿದ್ದೆ ಎಂದು ಈಗ ಅನ್ನಿಸುತ್ತದೆ, ಆದರೆ ಅದನ್ನು ಜಂಬದಿಂದ ಹೇಳುವಂತಿಲ್ಲ. ಹದಿನೈದು ಜನ ಹೊಸದಾಗಿ ಅರ್ಜಿ ಹಾಕಬಹುದಿತ್ತು. ಫಾರ್ಮು ಹಿಡಿದು ಸಾಸವಡದ ಸೈಟಿಗೆ ಹೋದೆ. ನಾಲ್ವರು ಹಾಕಿದರು. ಉಳಿದವರು ಕೈಯಲ್ಲಿ ಫಾರ್ಮು ಹಿಡಿದು, ಆಮೇಲೆ ನೋಡೋಣ ಅಕ್ಕೋರ ಎಂದು ಕೆಲಸಕ್ಕೆ ಏರಿದರು.

ಪತ್ರದ ಪ್ರತಿ ಹಿಡಿದುಕೊಂಡು ವಸ್ತಿಗೂ ಹೋದೆ. ಟೇಲರನ ಖೋಲಿಗೆ ಬೀಗವಿತ್ತು. ಮೂರು ದಿನದ ಹಿಂದೆ ಮಷೀನು ಟೆಂಪೋದಲ್ಲಿ ಹಾಕಿಕೊಂಡು ಸಂಸಾರ ಸಮೇತ ಹೋದ ಎಂದರು. ನಳದ ಕಟ್ಟೆಯ ಹತ್ತಿರ ಹೆಂಗಸರು ಸೇರಿದ್ದರು. ಅಲ್ಲೇ ನಿಂತು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ನೀರು ಬರುತ್ತಿತ್ತು, ಯಾರೂ ಕೊಡ ಇಡಲಿಲ್ಲ. ಗಾರೆ ಕೆಲಸದ ಹೆಂಗಸು ನಳ ಬಂದ್ ಮಾಡಿದಳು.

"ಇದನ್ನ ಅವತ್ತ ಹೇಳಿದ್ರ ಆಗ್ತಿತ್ತಲ್ರಿ ಅಕ್ಕೋರ."

"ಆಗ್ತಿತ್ತು."

"ನಾನ ಅವರ ಕೊಡ ಎತ್ತಿ ಹಿಂದ ಇಟ್ಟಾಕಿ" ಎಂದಳು. ಇಷ್ಟು ದಿನ ಬಾಗಿಲು ಬಾಗಿಲಿಗೆ ಜಗಳವಾಡಿ ಸಹಿ ಹಾಕಿಸಿದವಳು. "ಕೈ ಕೈ ಹಿಡಕೊಂಡ್ಳು ಅವನ ಹೆಂಡತಿ, ಅಕ್ಕಾ ಒಂದ ಕೊಡ ಅಂತ. ನಾ ಬಿಡಲಿಲ್ಲ."

ಅವಳ ಹತ್ತಿರ ಟೇಲರನ ಹೊಸ ನಂಬರ್ ಇರಲಿಲ್ಲ. ಹಳೆಯ ನಂಬರಿಗೆ ಎಷ್ಟು ಸಲ ಮಾಡಿದರೂ ಹತ್ತುತ್ತಿರಲಿಲ್ಲ. ಕೊನೆಗೆ ನಮ್ಮ ಯಜಮಾನರೇ ಒಂದು ದಿನ ಕಾರ್ಖಾನೆಯಿಂದ ಬಂದು ಒಂದು ಚೀಟಿ ಕೊಟ್ಟರು. ಚಾಕಣದಲ್ಲಿ ಕಾರ್ಮಿಕರ ಯೂನಿಫಾರ್ಮ್ ಹೊಲಿಯುವ ಶೆಡ್ ಒಂದರಲ್ಲಿ ಅವನಿದ್ದಾನೆ ಎಂದು ಹುಡುಕಿಸಿ ತಿಳಿದುಕೊಂಡಿದ್ದರು. ನಾನು ಕೇಳಿರಲಿಲ್ಲ.

ಫೋನ್ ಎತ್ತಿದವನು ನನ್ನ ದನಿ ಕೇಳಿದ್ದೇ, "ಅಕ್ಕೋರ, ಆರಾಮ ಅದೀರೇನ್ರಿ?" ಎಂದ. ಹಿಂದೆ ಸಾಲು ಮಷೀನುಗಳ ಸದ್ದು.

ಎಲ್ಲ ಹೇಳಿದೆ. ಪತ್ರ ಕೊಟ್ಟದ್ದು, ವಸ್ತಿಯಲ್ಲಿ ಓದಿದ್ದು, ಅವರಿಗೆಲ್ಲ ಈಗ ನಿಜ ಗೊತ್ತಾಗಿದೆ, ವಾಪಸ್ ಬರ್ರಿ ಎಂದು. ತಪ್ಪಾಯಿತು ಎಂಬ ಮಾತು ಮಾತ್ರ ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.

"ಇರಲಿ ಬಿಡ್ರಿ. ನಿಮಗ ಮೊದಲ ಬ್ಯಾಡ ಅಂದಾಂವ ನಾನ ಅಲ್ರೀ. ನಿಮಗ್ಯಾಕ ಇಷ್ಟ ತ್ರಾಸ."

"ಬರ್ತೀರಿಲ್ಲ?"

"ಇಲ್ರಿ. ಇಲ್ಲೆ ಹೊಂದೇದ."

ಹಾಗಾದರೆ ಅಲ್ಲಿನ ಯಾದಿಗಾದರೂ ಹೆಸರು ಸೇರಿಸಬೇಕು, ಚುನಾವಣೆ ಹತ್ತಿರ ಬಂತು, ಫಾರ್ಮು ನಾನೇ ತುಂಬಿ ತಂದುಕೊಡುತ್ತೇನೆ, ಒಂದು ಸಹಿ ಮಾಡಿದರೆ ಸಾಕು ಎಂದೆ. ನನಗೆ ಬರುವ ಕೆಲಸ ಅದೊಂದೇ.

ಆ ಕಡೆ ಮಷೀನುಗಳು ಓಡುತ್ತಲೇ ಇದ್ದವು.

"ಬ್ಯಾಡ್ರಿ ಅಕ್ಕೋರ" ಅಂದ, ನನ್ನನ್ನು ಸಮಾಧಾನ ಮಾಡುವಂಥ ದನಿಯಲ್ಲಿ. "ನನ್ನ ಹೆಸರು ಇನ್ನ ಎಲ್ಲೂ ಬ್ಯಾಡ್ರಿ."